ಬೆನ್ನ ಹಿಂದಿನ ಕೈ

“ನನ್ನ ಮಗಳು ತಿಂದ ಏಟು ನಿನಗ ಸಾಕ್ಷಿ ಹೇಳಾಕ ಬೇಕಾತೇನು? ನಾಚಿಕಿ ಬರಲಿಲ್ಲೇನು ನಿನಗ?”

ಎರ್ರಣ್ಣ ಚರ್ಚಿನಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಹೆಂಡತಿ ವಿರೂಪಮ್ಮ ಬಾಗಿಲಲ್ಲೇ ಹಿಡಿದಳು. ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವ ಆಳು ಅವನು. ಮೊದಲಾಗಿದ್ದರೆ ಈ ಮಾತಿಗೆ ಅವಳು ನೆಲದ ಮೇಲಿರುತ್ತಿದ್ದಳು. ಆಗ ಅವನು ತಿರುಚಿದ ಅವಳ ಎಡಗೈ ಮಣಿಕಟ್ಟು ಇವತ್ತಿಗೂ ಸೊಟ್ಟ. ಈಗ ಅವನು ಎರಡೂ ಕೈ ಬೆನ್ನ ಹಿಂದೆ ಒಯ್ದು, ಬೆರಳಿಗೆ ಬೆರಳು ಹೆಣೆದು, ತುಟಿಯೊಳಗೇ ‘ಯೇಸಪ್ಪಾ, ಹಿಡಿ’ ಅಂದ. ಎಪ್ಪತ್ತನೇ ಇಸವಿಯಲ್ಲಿ ಕಾಲುವೆಯ ನೀರಿನಲ್ಲಿ ದೀಕ್ಷಾಸ್ನಾನವಾದ ದಿನ ಪಾಸ್ಟರು ಕಲಿಸಿದ್ದು ಅದು. ಸಿಟ್ಟು ಬಂದಾಗ ಕೈಯನ್ನು ಕರ್ತನ ವಶಕ್ಕೆ ಕೊಡು, ಅವನು ಹಿಡಿಯುತ್ತಾನೆ ಎಂದಿದ್ದರು. ಹಿಡಿದಿದ್ದ. ನಾಲ್ಕು ವರ್ಷದಿಂದ ಹಿಡಿದಿದ್ದ. ಮಿಲ್ಲಿನ ಮೇಸ್ತ್ರಿ ತಾಯಿ ಎತ್ತಿ ಬೈದಾಗಲೂ ಹಿಡಿದಿದ್ದ. ಅದು ಸುಳ್ಳಲ್ಲ.

ಹೋದ ಸೋಮವಾರ ಎರ್ರಣ್ಣ ಕುರುಗೋಡಿಗೆ ಹೋಗಿದ್ದ. ಮಗಳು ಜಂಬಮ್ಮನನ್ನು ಗಂಡ ಹೊಡೆಯುತ್ತಾನೆ ಎಂದು ಸುದ್ದಿ ಬಂದಿತ್ತು, ಬುದ್ಧಿ ಹೇಳಲು ಹೋಗಿದ್ದ. ಗೌಂಡಿ ಕೆಲಸದ ಅಳಿಯ ಮೂಕಪ್ಪ ಮಾತು ಕೇಳುವ ಬದಲು ಮಾವನ ಎದುರಿಗೇ ಹೆಂಡತಿಯ ಕಿವಿಯ ಮೇಲೆ ಬಾರಿಸಿದ. ಮಾವ ಏನು ಮಾಡುತ್ತಾನೆಂದು ನೋಡಿ ಮತ್ತೆ ಬಾರಿಸಿದ. ಎರ್ರಣ್ಣ ಕೈ ಹಿಂದೆ ಕಟ್ಟಿಕೊಂಡು ನಿಂತ. ಉಗುರು ಅಂಗೈಗೆ ಇಳಿದು ರಕ್ತ ಬಂತು. ಬೆರಳು ಬಿಡಿಸಲಿಲ್ಲ. ಹಾಗೇ ಹೊರಗೆ ಬಂದು ಬಸ್ಸು ಹತ್ತಿದ.

ಈ ಭಾನುವಾರ ಅದನ್ನೇ ಸಭೆಯಲ್ಲಿ ಎದ್ದು ನಿಂತು, ಕರ್ತನು ಕೈ ಹಿಡಿದದ್ದಕ್ಕೆ ಸಾಕ್ಷಿಯಾಗಿ ಹೇಳಿದ. ಓದು ಬರಹ ಇಲ್ಲದವನ ಮಾತನ್ನು ಅಷ್ಟು ಜನ ಉಸಿರು ಹಿಡಿದು ಕೇಳಿದ್ದು ಅದೇ ಮೊದಲು. ಗಾಯದ ಅಂಗೈ ತೋರಿಸಿದ. ಸಭೆಯೆಲ್ಲ ‘ಸ್ತೋತ್ರ, ಸ್ತೋತ್ರ’ ಅಂದಿತು. ಬಳ್ಳಾರಿಯ ದೊಡ್ಡ ಕೂಟದಲ್ಲೂ ಇದನ್ನು ಹೇಳಬೇಕು ಎಂದು ಪಾಸ್ಟರು ಬೆನ್ನು ತಟ್ಟಿದರು. ಹೆಂಗಸರ ಚಾಪೆಯ ತುದಿಯಲ್ಲಿ ತಾಯಿಯ ಪಕ್ಕಕ್ಕೆ ಜಂಬಮ್ಮ ಕೂತಿದ್ದಳು. ಹಿಂದಿನ ದಿನವಷ್ಟೇ ಗಂಡನ ಮನೆ ಬಿಟ್ಟು ಬಂದಿದ್ದಳು. ಬಲಗಿವಿ ಊದಿ ಮುಚ್ಚಿಹೋಗಿತ್ತು. ಎಡಗಿವಿ ತಿರುಗಿಸಿ ಎಲ್ಲವನ್ನೂ ಕೇಳಿದಳು. ಕೊನೆಯ ಪ್ರಾರ್ಥನೆಗೆ ಮೊದಲೇ ತಾಯಿ ಮಗಳು ಎದ್ದು ಮನೆಗೆ ಬಂದಿದ್ದರು.

“ಕೈ ಬಿಟ್ಟಿದ್ರ ಅವನ್ನ ಕೊಂದುಬಿಡ್ತಿದ್ದೆ,” ಅಂದ ಎರ್ರಣ್ಣ. “ನನ್ನ ಕೈ ನನಗ ಗೊತ್ತೈತಿ.”

“ಕೊಲ್ಲು ಅಂತ ಯಾರಂದ್ರು ನಿನಗ? ಇಬ್ಬರ ನಡುವೆ ಹೋಗಿ ನಿಂದ್ರಾಕ ಬರ್ತಿರಲಿಲ್ಲೇನು? ನಡಿಯವ್ವ ಮನಿಗೆ ಅಂತ ಮಗಳನ್ನ ಕರಕೊಂಡು ಬರಾಕ ಬರ್ತಿರಲಿಲ್ಲೇನು? ಹೊಡಿಯೋದು, ಇಲ್ಲಂದ್ರ ಕಂಬದಂಗ ನಿಂದ್ರೋದು. ಇವೆರಡು ಬಿಟ್ಟು ಮೂರನೇದು ಕಲಿಸಲಿಲ್ಲೇನು ನಿಮ್ಮ ಪಾಸ್ಟರು?”

ಆ ಮೂರನೆಯದು ಎರ್ರಣ್ಣನಿಗೆ ಅಲ್ಲಿ ತೋಚಿಯೇ ಇರಲಿಲ್ಲ. ತನ್ನ ಕೈಯನ್ನು ಗೆಲ್ಲುವುದರಲ್ಲೇ ಶಕ್ತಿಯೆಲ್ಲ ಹೋಗಿತ್ತು. ಮಗಳ ಮುಖ ಕೂಡ ನೋಡಿರಲಿಲ್ಲ. ಪ್ರಾರ್ಥನೆ ಮಾಡೋಣ, ಕರ್ತನು ಮೂಕಪ್ಪನ ಮನಸ್ಸು ತಿರುಗಿಸುತ್ತಾನೆ ಎಂದು ಏನೋ ಹೇಳಲು ಹೊರಟ. ಅಷ್ಟರಲ್ಲಿ ಜಂಬಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಬಟ್ಟೆಯ ಗಂಟು.

ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಅಪ್ಪಾ, ನಾ ಸಣ್ಣಾಕಿದ್ದಾಗ ಇದ ಕೈ ಅವ್ವನ್ನ ಬಡೀತಿತ್ತು. ಅವತ್ತು ಯಾರೂ ಹಿಡೀಲಿಲ್ಲ. ನನಗ ಬೇಕಾದಾಗ ನೋಡು, ಯೇಸಪ್ಪ ಹಿಡದ.”

ಎಲ್ಲಿಗೆ ಎಂದು ತಾಯಿ ಕೇಳಿದ್ದಕ್ಕೆ ಬಳ್ಳಾರಿ ಬಸ್ಸಿಗೆ ಅಂದಳು. ಅಲ್ಲಿ ಬಸ್ಸು ಬದಲಿಸಿದರೆ ಕುರುಗೋಡು. ಆ ಪಾಪಿಯ ಮನೆಗೇ ಹೊರಟಳೆಂದು ವಿರೂಪಮ್ಮ ಗಂಟು ಹಿಡಿದು ಜಗ್ಗಿದಳು. ಜಂಬಮ್ಮ ಗಂಟು ಅವಳ ಕೈಯಲ್ಲೇ ಬಿಟ್ಟು ಬರಿಗೈಯಲ್ಲಿ ಹೊಸ್ತಿಲು ದಾಟಿದಳು. ಎರ್ರಣ್ಣ ಬಾಗಿಲಲ್ಲೇ ಇದ್ದ. ಒಂದು ಕೈ ಚಾಚಿದ್ದರೆ ಸೆರಗು ಸಿಗುತ್ತಿತ್ತು. ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು.

ಅವಳು ಕುರುಗೋಡು ಮುಟ್ಟಲಿಲ್ಲ. ಬಳ್ಳಾರಿಯಲ್ಲಿ ಇಳಿದದ್ದನ್ನು ಕಂಡಕ್ಟರು ನೋಡಿದ್ದ, ಅಷ್ಟೇ. ವಿರೂಪಮ್ಮ ಆ ಗಂಟು ಹಿಡಿದುಕೊಂಡೇ ಆಸ್ಪತ್ರೆ, ರೈಲು ನಿಲ್ದಾಣ, ಕೋಟೆ ಗುಡ್ಡದ ಕೆಳಗಿನ ಓಣಿ ಓಣಿ ಅಲೆದಳು. ಒಂದು ಕಿವಿ ಊದಿದ ಹುಡುಗಿ ಎಂದು ಕಂಡವರನ್ನೆಲ್ಲ ಕೇಳಿದಳು. ಯಾರೂ ಕಂಡಿರಲಿಲ್ಲ.

ಮುಂದಿನ ಭಾನುವಾರ, ಸಾಕ್ಷಿ ಹೇಳುವವರು ಏಳಬಹುದು ಎಂದು ಪಾಸ್ಟರು ಅಂದಾಗ ಎರ್ರಣ್ಣ ಎದ್ದ. ನನ್ನ ಮಗಳನ್ನು ನಾನೇ ಕಳೆದೆ ಎಂದು ಹೇಳಬೇಕಿತ್ತು. ಈ ಕೈ ಬಿಡಿಸಲು ನನಗೆ ಬರುತ್ತಿಲ್ಲ, ಯಾರಾದರೂ ಬಿಡಿಸಿ ಎಂದು ಕೇಳಬೇಕಿತ್ತು. ಬಾಯಿ ತೆರೆಯಲೇ ಇಲ್ಲ. ಬೆನ್ನ ಹಿಂದೆ ಕೈ ಹೆಣೆದು, ತಲೆ ತಗ್ಗಿಸಿ ನಿಂತೇ ಇದ್ದ.

ಇಂಥ ದುಃಖವನ್ನೂ ಹೇಗೆ ಅದುಮಿಕೊಂಡಿದ್ದಾನೆ ನೋಡು ಎಂದು ಮುದುಕಿ ಗುರುಬಸಮ್ಮ ಕಣ್ಣೊರೆಸಿಕೊಂಡು, ಮೆಲ್ಲಗೆ ‘ಸ್ತೋತ್ರ’ ಅಂದಳು. ಅವಳ ಹಿಂದಿನ ಸಾಲೂ ಅಂದಿತು. ಆಮೇಲೆ ಇಡೀ ಸಭೆ.