ಅಪ್ಪ ಗ್ರೀಸ್ ಹಚ್ಚಿದ ಗಾಲಿ

ನಮ್ಮ ಮಲಾಡ್ ಬಿಲ್ಡಿಂಗಿನ ಲಿಫ್ಟಿಗೆ ಗ್ರೀಸ್ ಹಚ್ಚುವ ದಿನ ನಾನು ಐದು ಮಹಡಿ ಮೆಟ್ಟಿಲು ಹತ್ತಿಕೊಂಡೇ ಮನೆಗೆ ಹೋಗುತ್ತೇನೆ.

ಅದು ಅಪ್ಪನ ಕೈಯ ವಾಸನೆ. ಮುಂಬಯಿ ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿ ಮಾಡುವವರ ಹತ್ತಿರ ಅಪ್ಪ ಹೆಲ್ಪರ್ ಆಗಿದ್ದ. ಆಗ ನನಗೆ ಎಂಟು ವರ್ಷ. ಬೆಳಗಾವಿಯ ಅಜ್ಜಿಯನ್ನು ನೋಡಿಕೊಂಡು ಕುರ್ಲಾದ ಚಾಳಿಗೆ ಮರಳುವಾಗ ಮೊದಲ ಬಾರಿ ವಿಮಾನ ಹತ್ತಿದ್ದೆವು. ಏಣಿಯ ಬುಡದಲ್ಲಿ ಅಪ್ಪ ವಿಮಾನದ ಬಾಲದ ಮೇಲಿನ ನಂಬರ್ ಓದಿ, "ಇದರ ಗಾಲಿಗೆ ಮೊನ್ನೆ ನಾನ ಗ್ರೀಸ್ ಹಚ್ಚೀನಿ" ಎಂದ. ಅವ್ವ ಒಳಗೆ ಕೂತೊಡನೆ ಅದನ್ನು ಆಚೆ ಸಾಲಿನ ಹೆಂಗಸಿಗೂ ಹೇಳಿದಳು.

ಮುಂಬಯಿ ಬಂದರೂ ವಿಮಾನ ಇಳಿಯಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹೊಳೆಯುವ ಸಮುದ್ರದ ಮೇಲೆ ಸುತ್ತತೊಡಗಿತು. ಗಾಲಿ ಸರಿಯಾಗಿ ಹೊರಗೆ ಬಂದಿಲ್ಲ, ಯಾರೂ ಏಳಬೇಡಿ ಎಂದು ಪೈಲಟ್ ಹೇಳಿದ.

"ನೀವರೆ ಏನಾರ ಮಾಡ್ರೀ" ಎಂದಳು ಅವ್ವ.

"ನಾವು ಕೆಳಗ ನಿಂತು ಮಾಡೋರು. ಮ್ಯಾಲ ಕುಂತು ಏನ್ ಮಾಡ್ಲಿ?"

ಬೆಲ್ಟ್ ಕಟ್ಟಿಕೊಂಡು ಕೂತ ಅಪ್ಪ ಕಣ್ಣು ಮುಚ್ಚಿದ. ಅವನ ಬೆರಳುಗಳು ಮಾತ್ರ ತೊಡೆಯ ಮೇಲೆ ಗ್ರೀಸ್ ಬಳಿಯುವಂತೆ ಸುತ್ತುತ್ತಿದ್ದವು, ಎಲ್ಲಿ ಹಚ್ಚುವುದು ಬಿಟ್ಟುಹೋಯಿತೆಂದು ಹುಡುಕುವ ಹಾಗೆ.

ಮೂರನೇ ಸುತ್ತಿನಲ್ಲಿ ಕಾಲಡಿ ಧಡ್ ಎಂದಿತು. "ಬಂತು" ಎಂದ ಅಪ್ಪ, ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸುವಷ್ಟು ಮೆಲ್ಲಗೆ.

ನೆಲ ಮುಟ್ಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಚೆ ಸಾಲಿನ ಹೆಂಗಸು ತಟ್ಟಲಿಲ್ಲ. ಅವಳು ಅಪ್ಪನ ಉಗುರು ಸಂದಿಯ ಕಪ್ಪನ್ನೇ ನೋಡುತ್ತಿದ್ದಳು. ಅವ್ವ ಸೆರಗನ್ನು ಎಳೆದು ಆ ಕೈಗಳ ಮೇಲೆ ಹೊದಿಸಿದಳು.