ನಡೆ ಯಾರದು

“ನಡಿ ಯಾರದಿತ್ರಿ, ಅಬ್ಬಾ?” ಮಗಳು ಶಗುಫ್ತಾ ಮೊಬೈಲಿನಿಂದ ತಲೆಯೆತ್ತಿ ಕೇಳಿದಳು. ಹೊಲಿಗೆ ಅಂಗಡಿಯ ಕಟ್ಟೆಯ ಮೇಲಿನ ಚೆಸ್ ಹಲಗೆಯಲ್ಲಿ ಉಳಿದದ್ದು ಎರಡು ರಾಜ, ಗೆಳೆಯ ಪುಂಡಲೀಕನದೊಂದು ಪ್ಯಾದೆ. ಜಗಳವಾಡಿ ಅರ್ಧಕ್ಕೇ ಎದ್ದುಹೋದ ಪುಂಡಲೀಕ ಮರುದಿನ ತೀರಿಕೊಂಡಿದ್ದ. ಐದು ದಿನದಿಂದ ಅವಳ ಅಪ್ಪ ಮಶಾಕಸಾಬರು ಕಾಯಿ ಕದಲಿಸಿರಲಿಲ್ಲ.

“ಇಷ್ಟ ಕಾಯಿ ಉಳಿದ್ರ ಆಟ ಏನಾಗತೈತಿ ಅಂತ ಎಲ್ಲಾ ಆ ಮೊಬೈಲಿನಾಗ ಬರದಿಟ್ಟಾರ ಅಂದಿದ್ದಿ?”

“ಕಾಯಿ ಹಿಂಗ ನಿಂತಿದ್ದಕ್ಕ ಎರಡು ಉತ್ತರ ಇಟ್ಟಾರ್ರಿ. ನಿಮ್ಮ ನಡಿ ಇದ್ರ ಆಟ ಸಮ. ಕಾಕಾನ ನಡಿ ಇದ್ರ ಕಾಕಾ ಗೆದ್ದಂಗ. ಯಾರದು ಅಂತ ನಾವ ಹೇಳಬೇಕು.”

ಜಗಳದ ದಿನ ತಮ್ಮದೇ ನಡೆಯೆಂದು ಮಶಾಕಸಾಬರು ಹಟ ಹಿಡಿದಿದ್ದರು. “ಸುಳ್ಳ ಹೇಳಬ್ಯಾಡಲೇ ಮಶಾಕ್ಯಾ,” ಎನ್ನುತ್ತಲೇ ಪುಂಡಲೀಕ ಚಪ್ಪಲಿ ಮೆಟ್ಟಿದ್ದ.

ಈಗ ಅವರು ಪ್ಯಾದೆಯತ್ತ ಬೆರಳು ಚಾಚಿ, ಮುಟ್ಟದೆ ಹಿಂದೆಗೆದುಕೊಂಡರು.

“ಅವಂದ ಇತ್ತು, ಬೇಟಿ. ಅವತ್ತೂ ಗೊತ್ತಿತ್ತು ನನಗ.”