ಮಿತಿ ಇಟ್ಟವರ ಹೆಸರು

ಸಿದ್ಧಿ ನಾಲ್ಕನ್ನು ಅಳಿಸಿ ಹದಿನಾರು ಎಂದು ಟೈಪ್ ಮಾಡಿದಳು, ಆದರೆ ಎಂಟರ್ ಒತ್ತಲಿಲ್ಲ. ಚನ್ನರಾಯಪಟ್ಟಣದ ಆ ಖಾಸಗಿ ಕಂಪನಿಯ ಆನ್‌ಲೈನ್ ಕೊಬ್ಬರಿ ಹರಾಜು ಬೆಳಿಗ್ಗೆಯಿಂದ ಮತ್ತೆ ನಿಂತುಹೋಗಿತ್ತು. ಸರ್ವರ್ ಬಳಸಬಹುದಾದ ವರ್ಚುವಲ್ ಪ್ರೊಸೆಸರ್‌ಗಳ ಮಿತಿ ನಾಲ್ಕೇ ಇತ್ತು; ಹೆಚ್ಚು ಜನ ಒಟ್ಟಿಗೆ ಬೆಲೆ ಕೂಗಿದರೆ ಅಷ್ಟು ಸಾಲುತ್ತಿರಲಿಲ್ಲ. ಆ ಮಿತಿ ಏರಿಸಿ ಎಂದು ಅವಳು ಇಲ್ಲಿ ಕೆಲಸಕ್ಕಿದ್ದಾಗ, ಹೋದ ವರ್ಷವೇ, ಬೇಡಿದ್ದಳು. ಮ್ಯಾನೇಜರ್ ಅನಿಲ್‌ಕುಮಾರ್ ಕೇಳಲಿಲ್ಲ. ಕೆಲವು ತಿಂಗಳ ಹಿಂದೆ ಹರಾಜು ಹೀಗೇ ನಿಂತ ದಿನ ತಪ್ಪನ್ನು ಅವಳ ತಲೆಗೆ ಕಟ್ಟಿ, ಬೆಳೆಗಾರರೆಲ್ಲರ ಎದುರು ಬೈದು ಕೆಲಸದಿಂದ ತೆಗೆದರು. ಇವತ್ತು ಅವರೇ ಫೋನ್ ಮಾಡಿ ಕರೆಸಿದ್ದರು.

"ಬೇಗ ಒತ್ತಮ್ಮ, ಜನ ಗಲಾಟೆ ಮಾಡ್ತಾವ್ರೆ," ಎಂದರು ಅವರು ಪಕ್ಕದ ಕುರ್ಚಿಯಿಂದ.

"ಮೊದ್ಲು ಇದನ್ನ ಓದಿ ಸಾ, ಬಾಗ್ಲಲ್ಲಿರೋರ್ಗೂ ಕೇಳಂಗೆ." ಅವಳು ಪರದೆಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟಳು.

ಅನಿಲ್‌ಕುಮಾರ್ ಬೆವರು ಒರೆಸಿಕೊಂಡರು. "ಮಿತಿ ನಾಲ್ಕು. ನಿಗದಿ ಮಾಡಿದವರು..." ಬಾಗಿಲ ಕಡೆ ಒಮ್ಮೆ ನೋಡಿದರು. "ಅನಿಲ್‌ಕುಮಾರ್."

ಬಾಗಿಲಲ್ಲಿ ನೆರೆದಿದ್ದ ಬೆಳೆಗಾರರ ಗಲಾಟೆ ನಿಂತಿತು. "ಅಂಗಾರೆ ಆ ಮಗೀನ ಯಾಕ್ ಸ್ವಾಮಿ ಓಡಿಸ್ದೆ?" ಎಂದ ಒಬ್ಬ ಮುದುಕ.

ಸಿದ್ಧಿ ಎಂಟರ್ ಒತ್ತಿದಳು. ಸ್ವಲ್ಪ ಹೊತ್ತಿಗೆ ಹರಾಜು ಓಡತೊಡಗಿತು. ಅನಿಲ್‌ಕುಮಾರ್ ನಿಟ್ಟುಸಿರು ಬಿಟ್ಟು ಏಳಹೋದರು.

"ಕೂತ್ಕಳಿ ಸಾ," ಎಂದಳು. "ಇನ್ನೊಂದ್ಸಲ ಓದಿ."

ಈಗ ಓದಲೇಬೇಕಾದ ಕಾರಣ ಯಾವುದೂ ಇರಲಿಲ್ಲ. ಆದರೂ ಅವರು ಕೂತು ಓದಿದರು.